ಒಂಬತ್ತು ಹಿಡಿತ

ಆಲ್ಡಿ, ವರ್ಜೀನಿಯಾ
19 ನವೆಂಬರ್ 2023, ಭಾನುವಾರ

ಶ್ರೀದೇವಿಗೆ,

ಮೊದಲು ‘ಪ್ರೀತಿಯ’ ಎಂದು ಬರೆದೆ, ಆಮೇಲೆ ಹೊಡೆದುಹಾಕಿದೆ. ಆ ಶಬ್ದ ಇರಬೇಕೋ ಬೇಡವೋ, ಓದಿ ಮುಗಿಸಿದ ಮೇಲೆ ನೀನೇ ಹೇಳು.

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಮಾತು. "ಒಂದ ಪೆಟ್ಟಿಗೆ ಐದು ವಾರ ಆದ್ರೂ ಹುಡುಗಗ ಬೆಳಕು ತಡಕೊಳ್ಳಾಕ ಆಗವಲ್ದು. ನೀವೇನರ ಮುಚ್ಚಿಟ್ಟೀರೇನ್ರಿ?" ಇಲ್ಲ ಎಂದೆ. ಇಲ್ಲಿಯ ಆಸ್ಪತ್ರೆಯವರಿಗೂ, ನೀನು ಮಗನನ್ನು ರಾಲಿಗೆ ಕರೆದೊಯ್ದು ತೋರಿಸುತ್ತಿರುವ ನರರೋಗದ ಡಾಕ್ಟರಿಗೂ ಇಲ್ಲ ಎಂದೇ ಹೇಳಿದ್ದೇನೆ. ಫೋನಿನಲ್ಲಿ ನನ್ನ ನಾಲಿಗೆ ಆ ಸುಳ್ಳಿಗೆ ಒಗ್ಗಿಹೋಗಿದೆ. ಕಾಗದದ ಮೇಲೆ ಕೈಯಾದರೂ ನನ್ನ ಮಾತು ಕೇಳೀತು ಎಂದು ಬರೆಯಲು ಕೂತಿದ್ದೇನೆ.

ನೀನು ರಾಲಿಗೆ ಹೋಗಿ ಎರಡು ವರ್ಷವಾಯಿತು. ಸೌರಭನ ಆಟವನ್ನು ಒಮ್ಮೆಯೂ ನೋಡಲಿಲ್ಲ. ನೋಡುವುದಿಲ್ಲ ಎಂದು ಹೇಳಿಯೇ ಹೋದೆ. ಹೀಗಾಗಿ ನಾನು ಆ ಮೈದಾನಕ್ಕೆ ಇಳಿದದ್ದು ಹೇಗೆ ಎಂಬುದೂ ನಿನಗೆ ಸರಿಯಾಗಿ ಗೊತ್ತಿಲ್ಲ.

ಅವನು ಒಂಬತ್ತನೇ ತರಗತಿಯಲ್ಲಿ ಶಾಲೆಯ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಸೇರಿದಾಗ ಅಭ್ಯಾಸ ನೋಡಲು ಹೋದೆ. ನೋಡಿ ಗಾಬರಿಯಾದೆ. ಚೆಂಡು ಹಿಡಿದು ಓಡುವವನನ್ನು ಕೆಡವಬೇಕಲ್ಲ, ಟ್ಯಾಕಲ್ ಅನ್ನುತ್ತಾರೆ, ಅದನ್ನು ಆ ಹುಡುಗರು ಮಾಡುತ್ತಿದ್ದ ರೀತಿ! ಯಾರೂ ಹಿಡಿಯುವುದಿಲ್ಲ, ಎಲ್ಲರೂ ಹೊಡೆಯುತ್ತಾರೆ. ತಲೆ ತಗ್ಗಿಸಿ, ಕೈಗಳನ್ನು ಪಕ್ಕಕ್ಕೆ ಮರೆತು, ಟಗರಿನಂತೆ ಹೆಲ್ಮೆಟ್ ಮುಂದಿಟ್ಟು ನುಗ್ಗುತ್ತಾರೆ. ಅವರು ಫೋನಿನಲ್ಲಿ ವಿಡಿಯೊ ನೋಡಿ ಮೆಚ್ಚುವುದೂ ಅದನ್ನೇ. ತಂಡದ ಕೋಚ್ ಡಾಲ್ಟನ್, ಅರವತ್ತು ದಾಟಿದವರು, ಬೇಲಿಯ ಹತ್ತಿರ ನಿಂತಿದ್ದ ನನಗೆ ಹೇಳಿದರು: ಈಗಿನವರಿಗೆ ಟ್ಯಾಕಲ್ ಬರುವುದಿಲ್ಲ. ಮೈಗೆ ಮೈ ತಾಗಿಸಿ ಅಭ್ಯಾಸ ಮಾಡುವ ಹೊತ್ತನ್ನು ಕಡಿಮೆ ಮಾಡಿದ್ದಾರೆ, ಅದು ಒಳ್ಳೆಯದೇ. ಆದರೆ ತಾಗುವುದು ಹೇಗೆ ಎಂದು ಕಲಿಸುವ ಹೊತ್ತೂ ಅದರ ಜೊತೆಗೇ ಹೋಯಿತು. ನಮ್ಮ ಕಾಲದಲ್ಲಿ ತಲೆಯನ್ನು ಓಡುವವನ ಮುಂದೆ ಅಡ್ಡ ಹಾಕು ಎಂದು ಕಲಿಸಿದರು. ಎಷ್ಟು ಕುತ್ತಿಗೆ ಮುರಿದವೋ. ಈಗ ತಲೆಯನ್ನು ಅವನ ಹಿಂದೆ ಇಡು, ಹೆಗಲು ತಾಗಿಸು, ತೊಡೆ ಅಪ್ಪಿಕೋ ಅನ್ನುತ್ತೇವೆ. ಕಿವಿ ಕೇಳುತ್ತದೆ, ಮೈ ಕೇಳುವುದಿಲ್ಲ.

ಧಾರವಾಡದಲ್ಲಿ ನಾನು ಯೂನಿವರ್ಸಿಟಿ ಕಬಡ್ಡಿ ಆಡಿದ್ದು ನಿನಗೆ ಗೊತ್ತು. ಅವರು ಹೇಳಿದ್ದು ನಮ್ಮ ತೊಡೆ ಹಿಡಿತವೇ. ಬೂಟು ಕಳಚಿ ಹುಲ್ಲಿನ ಮೇಲೆ ಒಬ್ಬ ಹುಡುಗನನ್ನು ಹಿಡಿದು ತೋರಿಸಿದೆ. ಮರುವಾರದಿಂದ ನಾನು ಸಂಬಳವಿಲ್ಲದ ಸಹಾಯಕ ಕೋಚ್. ಆಶ್‌ಬರ್ನ್‌ನ ಡೇಟಾ ಸೆಂಟರ್‌ನಲ್ಲಿ ಹಗಲೆಲ್ಲ ಯಂತ್ರಗಳ ಗುಂಯ್ ಸದ್ದಿನಲ್ಲಿ ಕೂತವನಿಗೆ, ಸಂಜೆ ನಲವತ್ತು ಹುಡುಗರು ‘ಕೋಚ್ ಗುರು’ ಎಂದು ಕೂಗುವುದು ಎಂಥ ಸುಖ ಗೊತ್ತೇ? ಫೋಮಿನ ದೊಡ್ಡ ಚಕ್ರವನ್ನು ಉರುಳಿಸಿಬಿಡುತ್ತಿದ್ದೆ. ಅವರು ಬೆನ್ನಟ್ಟಿ, ತಲೆ ಎತ್ತಿ, ಕಣ್ಣು ತೆರೆದು, ಅಪ್ಪಿ ಬೀಳಬೇಕು. ಎಲ್ಲರಿಗಿಂತ ಚೆನ್ನಾಗಿ ಕಲಿತವನು ನಮ್ಮ ಸೌರಭ.

ಈಗ ಅಕ್ಟೋಬರ್ ಹನ್ನೆರಡು, ಗುರುವಾರದ ವಿಷಯ.

ಸಂಜೆ ಆರಕ್ಕೆ ಆಟ ಶುರುವಾಯಿತು. ಮೊದಲರ್ಧ ಮುಗಿಯಲು ಒಂದು ನಿಮಿಷವಿತ್ತು. ಎದುರು ತಂಡದವನು ನಮ್ಮ ಬದಿಗೇ ಓಡಿಬಂದ. ಸೌರಭ ಅಡ್ಡ ಹೋದ. ಕೊನೆಯ ಹೆಜ್ಜೆಯಲ್ಲಿ ಆ ಹುಡುಗ ದಿಕ್ಕು ಬದಲಿಸಿದ. ಹಿಂದೆ ಇರಬೇಕಾದ ಸೌರಭನ ತಲೆ ಮುಂದೆ ಸಿಕ್ಕಿತು. ಆ ಹುಡುಗನ ಮೊಣಕಾಲು ಹೆಲ್ಮೆಟ್ಟಿನ ಪಕ್ಕಕ್ಕೆ ಬಡಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಅವನು ತಾನೇ ಎದ್ದ, ನಡೆದು ಬಂದ.

ವಿರಾಮದಲ್ಲಿ ತಂಡದ ಟ್ರೇನರ್ ಅವನ ಹತ್ತಿರ ಬಂದಳು. ಪೆಟ್ಟಾದ ಹುಡುಗರನ್ನು ನೋಡುವುದೇ ಅವಳ ಕೆಲಸ. ಬೆಂಚಿನ ಮೇಲೆ ಕೂರಿಸಿ ಪ್ರಶ್ನೆ ಕೇಳಿದಳು. ನಾನು ಪಕ್ಕದಲ್ಲಿದ್ದೆ. ಈಗ ನಾವು ಎಲ್ಲಿದ್ದೇವೆ ಎಂದಳು.

ಅವನು ನನ್ನನ್ನು ನೋಡಿ ಹೇಳಿದ: "ಆಯಿ ಮನ್ಯಾಗ. ಹಿತ್ತಲದಾಗ."

ಶ್ರೀದೇವಿ, ಅವನು ಕನ್ನಡದಲ್ಲಿ ಹೇಳಿದ. ನಾವು ಏನೇ ಕೇಳಿದರೂ ಇಂಗ್ಲಿಷಿನಲ್ಲಿ ‘ಐಯಾಮ್ ಗುಡ್’ ಎಂದು ತಪ್ಪಿಸಿಕೊಳ್ಳುವವನು. ಧ್ವನಿ ಅವನದೇ, ಒಡೆದ ಗಡಸು ಧ್ವನಿ. ಮಾತು ಮಾತ್ರ ನಾಲ್ಕು ವರ್ಷದ ಕೂಸಿನದು. ಅವನನ್ನು ಐದು ವರ್ಷ ಇಲ್ಲಿ ಸಾಕಿ, ನಡುವೆ ತಮ್ಮ ಮನೆಗೂ ಕರೆದೊಯ್ದು, ಕೊನೆಗೆ ಊರಿಗೆ ಮರಳಿದ ಅವನ ಆಯಿಯ, ನಿಮ್ಮ ಅವ್ವನ, ಮಾತು.

ಈಗ ಯಾವ ಅರ್ಧ ನಡೆಯುತ್ತಿದೆ ಎಂದು ಟ್ರೇನರ್ ಕೇಳಿದಳು. "ಇನ್ನಾ ಊಟ ಆಗಿಲ್ಲ" ಎಂದ. ಕೊನೆಗೆ ಸ್ಕೋರ್ ಮಾಡಿದ್ದು ಯಾರು ಎಂದು ಕೇಳಿದಳು. ಅವನ ಕಣ್ಣು ನನ್ನ ಹೆಗಲ ಮೇಲಿಂದ ಹಿಂದಕ್ಕೆ ಹೋಯಿತು. ಹುಬ್ಬು ಗಂಟಿಕ್ಕಿ, ಮೆಲ್ಲಗೆ ಕೇಳಿದ: "ಆಯಿ ಯಾಕ ಅಳಾಕತ್ತಾಳ?"

ನಾನು ತಿರುಗಿ ನೋಡಿದೆ. ಹೌದು, ತಿರುಗಿ ನೋಡಿದೆ. ಆಚೆ ಬೆಂಚಿನ ಮೇಲೆ ಒದ್ದೆ ಟವೆಲ್ ಬಿಟ್ಟರೆ ಏನೂ ಇರಲಿಲ್ಲ. ಆದರೆ ಬೆನ್ನ ಮೇಲೆ ಯಾರೋ ತಣ್ಣಗಿನ ಕೈ ಇಟ್ಟಂತಾಯಿತು. ಎರಡು ವರ್ಷದ ಹಿಂದೆ, ವಿಮಾನಗಳು ನಿಂತಿದ್ದಾಗ, ನಿಮ್ಮ ಅವ್ವನ ಮುಖವನ್ನು ನೀನು ಫೋನಿನಲ್ಲಿ ಕೊನೆಯ ಸಲ ನೋಡಿದ್ದು ನೆನಪಾಯಿತು.

"ಏನಂತಿದ್ದಾನೆ?" ಎಂದು ಟ್ರೇನರ್ ನನ್ನನ್ನು ಕೇಳಿದಳು.

ನಾನು ಅನುವಾದಿಸಿದೆ. ನಮ್ಮ ಮೈದಾನದಲ್ಲಿದ್ದೇವೆ, ಮೊದಲರ್ಧ ಮುಗಿದಿದೆ, ಕೊನೆಯ ಸ್ಕೋರ್ ಎದುರಿನವರದು, ಅಂತಿದ್ದಾನೆ ಎಂದೆ. ನನ್ನನ್ನು ಕಾಡಿಸಲು ಮನೆಯ ಭಾಷೆ ಮಾತಾಡುತ್ತಾನೆ ಎಂದು ನಕ್ಕೂಬಿಟ್ಟೆ. ಅವಳಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಒಂದೇ ಕಾಲಲ್ಲಿ ನಿಲ್ಲಿಸಿದಳು, ನಿಂತ. ಇಂಗ್ಲಿಷಿನಲ್ಲಿ ಏನಾದರೂ ಹೇಳು ಎಂದಳು. "ಐಯಾಮ್ ಗುಡ್" ಎಂದ. ಅವಳು ಬಿಟ್ಟಳು.

ಯಾಕೆ ಹಾಗೆ ಮಾಡಿದೆ ಎಂದು ನೀನು ಕೇಳುತ್ತೀ. ಅವನ ಬಾಯಲ್ಲಿ ಕನ್ನಡ ಕೇಳಿ ಹತ್ತು ವರ್ಷವಾಗಿತ್ತು. ಖುಷಿಯಾಯಿತು. ಅದು ಪೆಟ್ಟಿನ ಲಕ್ಷಣ ಎಂದು ನನಗೆ ಹೊಳೆಯಲಿಲ್ಲ.

ದ್ವಿತೀಯಾರ್ಧದಲ್ಲಿ ಅವನು ಒಂಬತ್ತು ಟ್ಯಾಕಲ್ ಮಾಡಿದ. ಅಂಥ ಹಿಡಿತವನ್ನು ನಾನು ಧಾರವಾಡದಲ್ಲೂ ಕಂಡಿಲ್ಲ. ಕೋಚ್ ಡಾಲ್ಟನ್ ನನ್ನ ಭುಜ ಹಿಡಿದು ಅಲುಗಾಡಿಸಿದರು. ಹುಡುಗರ ತಾಯಂದಿರು ಎದ್ದುನಿಂತು ಕೂಗಿದರು. ನನಗೆ ಕಣ್ಣು ತುಂಬಿ ಬಂದಿತ್ತು.

ಕಂಬದ ಮೇಲಿನ ಕ್ಯಾಮೆರಾ ಎಲ್ಲವನ್ನೂ ಹಿಡಿದಿದೆ. ಈ ಐದು ವಾರದಲ್ಲಿ ಅದನ್ನು ಎಷ್ಟು ಸಲ ನೋಡಿದೆನೋ. ಒಂಬತ್ತು ಟ್ಯಾಕಲ್ ಒಂದೇ ಅಚ್ಚಿನವು. ಅದೇ ಎಡ ಹೆಜ್ಜೆ, ಅದೇ ಹೆಗಲು, ತೊಡೆಯ ಹಿಂದೆ ಅದೇ ಜಾಗದಲ್ಲಿ ಬೆಸೆಯುವ ಬೆರಳು. ಮನುಷ್ಯ ಹೀಗೆ ಆಡುವುದಿಲ್ಲ, ಶ್ರೀದೇವಿ. ಮನುಷ್ಯ ತಡವರಿಸುತ್ತಾನೆ, ದಣಿಯುತ್ತಾನೆ. ಅವನ ಮೈ ಮಾತ್ರ ಕಲಿತ ಪಾಠ ಒಪ್ಪಿಸುತ್ತಿತ್ತು. ಅವನು ಅಲ್ಲಿರಲಿಲ್ಲ.

ಅವನು ಎಲ್ಲಿದ್ದ ಎಂಬುದು ಒಂದು ಓಟ ನಿಂತು ಇನ್ನೊಂದು ಶುರುವಾಗುವ ನಡುವಿನ ಬಿಡುವಿನಲ್ಲಿ ಕಾಣುತ್ತದೆ. ಉಳಿದವರು ಗುಂಪು ಸೇರಿದಾಗ ಅವನು ಸ್ವಲ್ಪ ದೂರ ನಿಲ್ಲುತ್ತಾನೆ. ಆರಡಿಯ ಹತ್ತಿರದ ಹುಡುಗ, ಬಲಗೈಯನ್ನು ಹೆಗಲಿಗಿಂತ ಮೇಲಕ್ಕೆ ಎತ್ತಿ, ಬೆರಳು ಮಡಚಿ ನಿಲ್ಲುತ್ತಾನೆ. ಸಣ್ಣ ಕೂಸು ದೊಡ್ಡವರ ಬೆರಳು ಹಿಡಿದು ನಿಂತ ಹಾಗೆ. ಪಕ್ಕದಲ್ಲಿ ಯಾರೂ ಇಲ್ಲ. ತುಟಿ ಅಲುಗುತ್ತದೆ. ಕೊನೆಗೆ ಕೈ ಬಿಡಿಸಿಕೊಂಡು ಓಡಿಬರುತ್ತಾನೆ, ಮತ್ತೊಬ್ಬನನ್ನು ಕೆಡವುತ್ತಾನೆ.

ಒಂಬತ್ತನೆಯದರಲ್ಲಿ ಬೀಳುವಾಗ ಅವನ ತಲೆಯ ಹಿಂಭಾಗ ನೆಲಕ್ಕೆ ಬಡಿಯಿತು. ಸೀಟಿ ಊದಿದರು. ಅವನು ಬಿಡಲಿಲ್ಲ. ಅಡಿಯಲ್ಲಿ ಸಿಕ್ಕಿದ ಹುಡುಗ ಮೊದಲು ಬೈದ, ಆಮೇಲೆ ಹೆದರಿ ಅಳತೊಡಗಿದ. ರೆಫರಿ ಮತ್ತು ನಾನು ಸೇರಿ ಸೌರಭನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆವು. ಕಣ್ಣು ತೆರೆದೇ ಇದ್ದವು. ಆಮೇಲೆ ವಾಂತಿ, ಆಂಬುಲೆನ್ಸ್. ಮುಂದಿನದು ನಿನಗೆ ಗೊತ್ತು. ನೀನು ರಾತ್ರೋರಾತ್ರಿ ಕಾರು ಓಡಿಸಿಕೊಂಡು ಬಂದೆ. ಅವನಿಗೆ ಎಚ್ಚರವಾದಾಗ ಇಂಗ್ಲಿಷಿನಲ್ಲೇ ಮಾತಾಡಿದ. ದ್ವಿತೀಯಾರ್ಧದ ಒಂದು ಕ್ಷಣವೂ ಅವನಿಗೆ ನೆನಪಿಲ್ಲ.

ಹೋದ ವಾರ ಕೋಚ್ ಡಾಲ್ಟನ್‌ರಿಂದ ಮೇಲ್ ಬಂತು. ಜನವರಿಯಲ್ಲಿ ಅಟ್ಲಾಂಟಾದಲ್ಲಿ ಶಾಲಾ ಕೋಚುಗಳ ಶಿಬಿರವಿದೆ. ಆ ಒಂಬತ್ತು ತುಣುಕುಗಳನ್ನು ಅಲ್ಲಿ ತೋರಿಸುವರಂತೆ. ತಲೆ ನೋಡಿ, ಕಣ್ಣು ನೋಡಿ, ಸುರಕ್ಷಿತ ಟ್ಯಾಕಲ್ ಎಂದರೆ ಇದು, ಎಂದು ನಾನು ವಿವರಿಸಬೇಕಂತೆ. ಅಲ್ಲಿಲ್ಲದ ಹುಡುಗನ ಮೈಯನ್ನು ನೋಡಿ ಇನ್ನೆಷ್ಟು ಊರಿನ ಮಕ್ಕಳು ಕಲಿಯಬೇಕು?

ಶುಕ್ರವಾರ ಶಾಲೆಗೆ ಹೋದೆ. ಮೊದಲು ಟ್ರೇನರಿಗೆ ಹೇಳಿದೆ: ಅವನು ಏನು ಹೇಳಿದ್ದ, ನಾನು ಏನು ಹೇಳಿದೆ, ಒಂದೊಂದೂ. ಅವಳು ಇಷ್ಟೇ ಹೇಳಿದಳು: "ನೀವು ಅವನ ತಂದೆ. ಅದಕ್ಕೇ ನಿಮ್ಮನ್ನ ಕೇಳಿದೆ." ಕೋಚ್ ಡಾಲ್ಟನ್ ತುಣುಕುಗಳನ್ನು ನನ್ನೆದುರೇ ಅಳಿಸಿ, ನನ್ನ ಸೀಟಿ ವಾಪಸು ಕೊಡಲು ಹೇಳಿದರು. ಕೊಟ್ಟು ಬಂದೆ.

ಈ ಪತ್ರವನ್ನು ನಿನ್ನ ಡಾಕ್ಟರಿಗೆ ಓದಿ ಹೇಳು. ಪೆಟ್ಟು ಎರಡು, ನಡುವೆ ಒಂದು ಗಂಟೆಯ ಆಟ. ಸೌರಭನಿಗೆ ನಾನೇ ಹೇಳುತ್ತೇನೆ, ನೀನು ಬರಲು ಬಿಟ್ಟ ದಿನ. ನಿನ್ನ ಕ್ಷಮೆ ಕೇಳುವ ಧೈರ್ಯ ನನಗಿಲ್ಲ.

ಇಂತಿ,
ಗುರುಶಾಂತಪ್ಪ

ತಾ.ಕ.: ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ಪೆಟ್ಟಿನ ಲಕ್ಷಣ ಎಂದು ಹೊಳೆಯಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಆಗಸ್ಟ್‌ನಲ್ಲಿ ಅಭ್ಯಾಸದಲ್ಲಿ ಅವನ ತಲೆ ಇನ್ನೊಬ್ಬನ ತಲೆಗೆ ಬಡಿದಿತ್ತು. ಆಗಲೂ ಹತ್ತು ನಿಮಿಷ ಕನ್ನಡ ಮಾತಾಡಿದ. ಕಾರಿನಲ್ಲಿ ಕೂರಿಸಿ, ನೀರು ಕುಡಿಸಿ, ಇಂಗ್ಲಿಷ್ ಮರಳುವವರೆಗೆ ಕಾದೆ. ಅಮ್ಮಗ ಹೇಳಬ್ಯಾಡ, ಆಟ ಬಿಡಿಸ್ತಾಳ ಎಂದೆ. ಅವನು ನಿನಗೆ ಹೇಳದೆ ಇದ್ದದ್ದು ನನ್ನ ಮಾತಿಗಾಗಿ. ಆದ್ದರಿಂದ ಅಕ್ಟೋಬರ್‌ನಲ್ಲಿ ಅವನು ಬಾಯಿ ತೆರೆದ ಕೂಡಲೇ ನನಗೆ ಗೊತ್ತಾಗಿತ್ತು. ಡಾಕ್ಟರಿಗೆ ಎರಡು ಅನ್ನಬೇಡ. ಮೂರು ಅನ್ನು.