ಕಕ್ಷಿದಾರನ ಕುರ್ಚಿ

ಜುಲೈ ೧೪, ಭಾನುವಾರ

ಪ್ರೀತಿಯ ವಕೀಲಮ್ಮ,

ಕ್ಷೇಮವೇ? ಬೇಸಿಗೆಯಲ್ಲಿ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈದುಕೋ. ಪರೀಕ್ಷೆ, ಉತ್ತರಪತ್ರಿಕೆ ಎಂದು ನೆಪ ಹೇಳಬಹುದಿತ್ತು. ನಿನ್ನ ಮುಂದೆ ಅದೆಲ್ಲ ನಡೆಯುವುದಿಲ್ಲ. ಬರೆಯಲು ಕೈ ಬರಲಿಲ್ಲ, ಅಷ್ಟೇ.

ಕಾನೂನು ಕಾಲೇಜಿನಲ್ಲಿ ವೃತ್ತಿಧರ್ಮದ ಪಾಠವನ್ನು ಈ ವರ್ಷವೂ ನನ್ನ ತಲೆಗೇ ಕಟ್ಟಿದ್ದಾರೆ. ಮಕ್ಕಳು ಅದನ್ನು ನಿದ್ದೆಯ ಪೀರಿಯಡ್ ಎನ್ನುತ್ತಾರಂತೆ. ಅದಕ್ಕೇ ಅವರಲ್ಲೊಬ್ಬರನ್ನು ವಕೀಲರಾಗಿ ಕೂರಿಸಿ, ಎದುರಿನ ಕುರ್ಚಿಯಲ್ಲಿ ನಾನೇ ಕಕ್ಷಿದಾರಳಾಗುತ್ತೇನೆ. ಕಳ್ಳಿ, ಮೋಸಗಾರ್ತಿ, ಗಂಡನಿಗೆ ವಿಷ ಹಾಕಿದವಳು, ಎಲ್ಲ ಆಗಿದ್ದೇನೆ. ನನ್ನ ನಟನೆ ನೋಡಿದರೆ ನೀನು ಬಿದ್ದು ಬಿದ್ದು ನಗುತ್ತೀಯ.

ಮೊನ್ನೆ ನಾನು ಹೇಳಬೇಕಾಗಿದ್ದುದು ಒಂದು ಕಳವಿನ ಕಥೆ. ಬಾಯಿಂದ ಬಂದದ್ದೇ ಬೇರೆ: "ಆ ಹುಡುಗಿ ಎಲ್ಲಿದ್ದಾಳೆ ಅಂತ ನನಗೊಬ್ಬನಿಗೇ ಗೊತ್ತು." ದನಿ ನನ್ನದಾಗಿರಲಿಲ್ಲ ಕಣೇ. ಕಟಕಟೆಯಲ್ಲಿ ನಿಂತಿದ್ದ ಅವನ ದನಿ. ನಡುನಡುವೆ ಗಂಟಲು ಸರಿಮಾಡಿಕೊಳ್ಳುವುದೂ ಹಾಗೇ. ನನ್ನ ತಂಗಿ ಕಾಣೆಯಾದ ದಿನ ಅವಳ ಜೊತೆ ಕಡೆಗೆ ಕಂಡವನು ಅವನೇ ತಾನೆ?

ಅವನ ವಕಾಲತ್ತು ವಹಿಸಲು ಯಾರೂ ಮುಂದೆ ಬಾರದಿದ್ದಾಗ, ಯಾರಿಗೂ ವಕೀಲರಿಲ್ಲದಂತಾಗಬಾರದು ಎಂದು ನಿನ್ನನ್ನು ಒಪ್ಪಿಸಿದವಳು ನಾನು. ಸಾಕ್ಷ್ಯವಿಲ್ಲದೆ ಬಿಡುಗಡೆಯಾದ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ, ಆಗಲೂ ಇರಲಿಲ್ಲ. ಈಗ ಅವನೂ ತೀರಿಕೊಂಡನೆಂದು ನೀನೇ ಬರೆದಿದ್ದೀಯ.

ವಕೀಲಳಾಗಿ ಕೂತಿದ್ದ ವಿದ್ಯಾರ್ಥಿನಿ ಪೆನ್ನು ಕೆಳಗಿಟ್ಟು, ಆ ಹುಡುಗಿಯ ತಾಯಿಗೂ ಹೇಳಬಾರದೇ ಎಂದು ಕೇಳಿದಳು. ಕಕ್ಷಿದಾರ ನಂಬಿ ಹೇಳಿದ್ದನ್ನು ಯಾರಿಗೂ ಬಿಟ್ಟುಕೊಡಬಾರದು ಎಂದೆ. ಅವನು ಸತ್ತರೆ ಎಂದಳು. ಸತ್ತ ಮೇಲೂ ಎಂದೆ.

"ಹಾಗಾದ್ರೆ ಆ ವಕೀಲರು ತಾಯಿ ಮುಖ ಹೇಗೆ ನೋಡ್ತಾರೆ ಮೇಡಂ?"

ತೀರ್ಪು ಬಂದ ಮೇಲೆ ನೀನು ಒಮ್ಮೆಯೂ ನಮ್ಮ ಮನೆಗೆ ಬಂದಿಲ್ಲವೆಂಬುದು ನೆನಪಾಯಿತು. ಆಮೇಲೆ ನಾನು ಆ ಕುರ್ಚಿಯಲ್ಲಿ ಕೂತಿಲ್ಲ. ಬೋರ್ಡಿನ ಕಡೆ ತಿರುಗಿದಾಗಲೆಲ್ಲ ಅಲ್ಲಿಂದ ಯಾರೋ ಗಂಟಲು ಸರಿಮಾಡಿಕೊಂಡಂತೆ ಕೇಳಿಸುತ್ತದೆ. ಭಯವಾಗುತ್ತದೆ.

ನಿನ್ನ ಮಂಡಿನೋವು ಬೇಗ ವಾಸಿಯಾಗಲಿ. ಮಗಳಿಗೆ ನನ್ನ ಆಶೀರ್ವಾದ ತಿಳಿಸು. ಅವಳು ಹಿಡಿದ ಕೆಲಸ ಕೈಗೂಡಲಿ.

ನಿನ್ನ
ಟೀಚರಮ್ಮ

ತಾ.ಕ.: ಅಮ್ಮ ಇವತ್ತಿಗೂ ಮುಂಬಾಗಿಲಿಗೆ ಚಿಲಕ ಹಾಕಗೊಡುವುದಿಲ್ಲ. "ಅವಳು ಬಂದ್ರೆ ಹೊರಗೆ ನಿಂತ್ಕೋಬೇಕಾ?" ಅನ್ನುತ್ತಾಳೆ. ಅವನು ನಿನಗೆ ಏನು ಹೇಳಿದ ಎಂದು ನಾನು ಕೇಳುವುದಿಲ್ಲ. ಕೇಳಬಾರದೆಂದು ಪಾಠ ಮಾಡುವವಳೇ ನಾನು. ಒಂದು ಸಲ ಮನೆಗೆ ಬಾ. ಏನೂ ಹೇಳಬೇಡ. ಒಳಗೆ ಬಂದ ಮೇಲೆ ಚಿಲಕ ಹಾಕಬಹುದು ಅನ್ನಿಸಿದರೆ, ಹಾಕಿಬಿಡು.