ಅಕ್ಕನ ಕಿವಿಗೆ ಎಟುಕುವಷ್ಟು

ಫೆಬ್ರವರಿ 3, ಬೆಳಿಗ್ಗೆ

ಬೆನ್ನಿನ ವ್ಯಾಯಾಮ ಮುಗಿಯಿತು. ಎಡಕ್ಕೆ ಹನ್ನೆರಡು, ಬಲಕ್ಕೆ ಹನ್ನೆರಡು. ಡಾಕ್ಟರದು ನಿನ್ನೆಯೂ ಅದೇ ರಾಗ: ಎಂಟು ಕಿಲೋಗಿಂತ ಹೆಚ್ಚು ಎತ್ತುವಂತಿಲ್ಲ. ಮೂಲೆಯಲ್ಲಿರುವ ನನ್ನ ಬೇಸ್ ಗಿಟಾರಿನ ಆಂಪ್, ಅದರ ದನಿ ಹೆಚ್ಚಿಸುವ ಪೆಟ್ಟಿಗೆ, ನಲವತ್ತೊಂದು ಕಿಲೋ. ಭಾವ ಅದನ್ನು ಆನೆಮರಿ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷ ಅದರ ಒಂದು ಹಿಡಿ ಅವರದು, ಇನ್ನೊಂದು ನನ್ನದು. ಶನಿವಾರ ಶನಿವಾರ ಕಾರ್ಖಾನೆಯ ಸಭಾಂಗಣದ ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಾ ಕೇಳುತ್ತಿದ್ದರು — ಕೊಳಲು ಕಲಿಯಲು ನಿನಗೇನು ಧಾಡಿಯಾಗಿತ್ತು?

ಭಾವ ತೀರಿಕೊಂಡು ನಾಲ್ಕು ವರ್ಷ. ಅಂದಿನಿಂದ ಆನೆಮರಿ ಮೂಲೆ ಬಿಟ್ಟಿಲ್ಲ. ಅಕ್ಕ ಹಾಡಿಲ್ಲ.

ಫೆಬ್ರವರಿ 5

ನಮ್ಮ ಹಳೆಯ ಹಾಡಿನ ತಂಡದ ಡ್ರಮ್ಮರ್ ಫೋನು ಮಾಡಿದ್ದ. ಜನ್ಮದಲ್ಲಿ ಒಮ್ಮೆಯೂ ಹೊತ್ತಿಗೆ ಸರಿಯಾಗಿ ಬಂದವನಲ್ಲ; ಅದಕ್ಕೇ ಎಲ್ಲರೂ ಅವನನ್ನು ಗಡಿಯಾರ ಎನ್ನುವುದು. ಸಭಾಂಗಣ ಕೆಡವುತ್ತಾರಂತೆ. ಮಾರ್ಚ್ ಎಂಟಕ್ಕೆ ಹಳೆಯ ಕೆಲಸಗಾರರದೆಲ್ಲ ಕೊನೆಯ ಸಂಜೆ, ನಮ್ಮ ತಂಡವೇ ನುಡಿಸಬೇಕಂತೆ. ಅಕ್ಕ ಹಾಡಿದರೆ ಮಾತ್ರ ಎಂದೆ. ಒಪ್ಪಿಸುವ ಕೆಲಸ ನನ್ನ ತಲೆಗೇ ಕಟ್ಟಿ ಫೋನಿಟ್ಟ. ಕಿಲಾಡಿ.

ಫೆಬ್ರವರಿ 6

ಅಕ್ಕ ಒಪ್ಪಲಿಲ್ಲ. ಭಾವನ ನೆನಪು ಕಾಡುತ್ತದೆ ಅಂತ ನಾನು ತಿಳಿದಿದ್ದೆ. ಅಲ್ಲ. ಕಿವಿಯ ಮಷಿನ್ ತೆಗೆದು ಮೇಜಿನ ಮೇಲಿಟ್ಟಳು. ಸಂಗೀತ ಶುರುವಾದರೆ ಅದು ಕಿರುಚುತ್ತದಂತೆ. ತೆಗೆದಿಟ್ಟರೆ ಗಿಟಾರು, ಕೀಬೋರ್ಡು ಎಲ್ಲ ಕಲಸಿಹೋಗುತ್ತವಂತೆ.

"ಶ್ರುತಿ ಎಲ್ಲಿ ಹಿಡೀಲಿ, ಹೇಳು. ಎಲ್ರೆದುರಿಗೆ ಅಪಸ್ವರ ಹಾಡ್ಲಾ?"

ಹೊರಡಲು ಎದ್ದೆ. ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಅಂದಳು — "ದಪ್ಪ ದನಿ ಇನ್ನೂ ಕೇಳ್ಸತ್ತೆ ಕಣೋ. ನಿನ್ ಬೇಸ್ ಕೇಳಿಸ್ಬಹುದೇನೋ."

ಫೆಬ್ರವರಿ 14

ಹೊಸ ಆಂಪ್ ಕೊಳ್ಳಲು ಸಂಗೀತದ ಅಂಗಡಿಗೆ ಹೊರಟೆ, ಅಕ್ಕನೂ ಬಂದಳು. ಸ್ಟೂಲ್ ಹಾಕಿಸಿಕೊಂಡು, ಮಷಿನ್ ತೆಗೆದು ಪರ್ಸಿಗೆ ಹಾಕಿ ಕೂತಳು. ಅಂಗಡಿಯಾಕೆ ಹಗುರದ ಆಂಪ್ ಮೂರು ತೋರಿಸಿದರು. ಮೊದಲನೆಯದು ಊಟದ ಡಬ್ಬಿಯಷ್ಟು. ದನಿಗೆ ಕಿಟಕಿಯ ಗಾಜು ಅದುರಿತು, ಆದರೆ ಅಕ್ಕನಿಗೆ ಬರೀ ಗುಂಯ್. ಯಾವ ಸ್ವರ ಅಂತ ಗೊತ್ತಾಗಲಿಲ್ಲ. ಎರಡನೆಯದು ಬಲು ನಾಜೂಕು. ತಂತಿಯ ಟಿಣ್‌ಟಿಣ್ ನನಗೆ ಹಿಡಿಸಿತು, ಅವಳಿಗೆ ಕೇಳಲೇ ಇಲ್ಲ. ಮೂರನೆಯದು ಏಳೂವರೆ ಕಿಲೋ, ನೋಡಲು ಸಾದಾ. ನಾಲ್ಕು ಸ್ವರ ನುಡಿಸಿದೆ...

ಅಕ್ಕ ತಲೆ ಓರೆ ಮಾಡಿದಳು. ಹಾಡು ಎತ್ತಿಕೊಳ್ಳುವ ಮುಂಚೆ ಹಾಗೆ ಮಾಡುತ್ತಿದ್ದಳು, ಹುಡುಗಿಯಾಗಿದ್ದಾಗಿನಿಂದಲೂ.

ಅದನ್ನೇ ತಂದೆ. ಒಂದೇ ಕೈಯಲ್ಲಿ. ಖುಷಿಪಡಬೇಕಿತ್ತು. ದಾರಿಯುದ್ದಕ್ಕೂ ಇನ್ನೊಂದು ಹಿಡಿ ಹಿಡಿಯುತ್ತಿದ್ದ ಭಾವನೇ ನೆನಪು.

ಫೆಬ್ರವರಿ 16

ಜಗಳ. ಎರಡು ದಿನದಿಂದ ಹೊಸ ಆಂಪಿನಲ್ಲಿ ದಪ್ಪ ದನಿಯ ಬೇಸ್ ನಾಬ್ ಮುಕ್ಕಾಲಿಗೆ ತಿರುಗಿಸಿಟ್ಟು ನುಡಿಸಿದೆ, ಆನೆಮರಿಗೆ ಇಡುತ್ತಿದ್ದ ಹಾಗೆ. ಕೋಣೆಯೆಲ್ಲ ಗದ್ದಲ. ಅಕ್ಕ ಸಹಿಸಿ ಸಹಿಸಿ ಕೊನೆಗೆ ಎದ್ದಳು.

"ನೀನು ಹಳೇದರ ದನಿ ಹುಡುಕ್ತಿದೀಯ. ಅದು ಬರಲ್ಲ. ನಂಗೆ ಸ್ವರ ಬೇಕು."

ಟೀ ಕೂಡ ಕುಡಿಯದೆ ಹೋದಳು.

ಫೆಬ್ರವರಿ 24

ಒಂದು ವಾರ ಅಕ್ಕ ಇತ್ತ ಸುಳಿಯಲಿಲ್ಲ. ಇವತ್ತು ನಾನೇ ಹೋಗಿ ಕರೆತಂದೆ. ಎಲ್ಲ ನಾಬ್‌ಗಳನ್ನೂ ನಡುವಿಗೆ ತಂದು ಹೊಸದಾಗಿ ಶುರುಮಾಡಿದೆ. ಬೇಸ್ ಇಳಿಸಿದೆ. ನಡುವಿನ ದನಿಯ ನಾಬ್ ಕೂದಲೆಳೆಯಷ್ಟು ಏರಿಸುತ್ತಾ ಹೋದೆ. ಆಂಪ್ ನೆಲದಿಂದ ಎತ್ತಿ ಕುರ್ಚಿಯ ಮೇಲಿಟ್ಟೆ, ಅವಳ ಕಿವಿಯ ಮಟ್ಟಕ್ಕೆ. ನನ್ನ ಕಿವಿಗೆ ನೆಗಡಿಯಾದವರು ಮಾತಾಡಿದ ಹಾಗೆ. ಅಕ್ಕ ಕಣ್ಣು ಮುಚ್ಚಿ ಷಡ್ಜ ಹಿಡಿದಳು — ಸರಿಯಾಗಿ, ಅದರ ಮೇಲೇ. ಪಲ್ಲವಿ ದಾಟಿದಳು. ಎರಡನೆಯ ಚರಣದಲ್ಲಿ ಜಾರಿದಳು. ಇನ್ನೊಂದು ಚೂರು ಏರಿಸಿದೆ.

"ಹಾಂ, ಈಗ ಕೈಗೆ ಸಿಗ್ತಿದೆ," ಎಂದಳು.

ನಾಬ್‌ಗಳ ಪಕ್ಕ ಪೆನ್ಸಿಲ್ ಗುರುತು ಹಾಕಿದೆ.

ಮಾರ್ಚ್ 9, ಬೆಳಿಗ್ಗೆ 10

ನಿನ್ನೆಯದು ಬರೆದಿಡಬೇಕು. ಸಭಾಂಗಣ ತುಂಬಿತ್ತು. ಅದೇ ಬಣ್ಣ ಕಿತ್ತ ಕಂಬಗಳು, ಅದೇ ಕಿರುಗುಟ್ಟುವ ವೇದಿಕೆ. ಗಡಿಯಾರ ಮುಕ್ಕಾಲು ಗಂಟೆ ತಡ. ಎರಡು ಹಾಡು ಚೆನ್ನಾಗಿ ಹೋದವು. ಮೂರನೆಯದು ಭಾವನಿಗೆ ಇಷ್ಟವಾದದ್ದು. ಎಲ್ಲರಿಗೂ ಬಾಯಿಪಾಠ, ಜನರೆಲ್ಲ ದನಿಗೂಡಿಸಿದರು. ಆ ಅಬ್ಬರದಲ್ಲಿ ಅಕ್ಕನಿಗೆ ನಾನು ಕೇಳಿಸದೇ ಹೋದೆ. ನಿಲ್ಲಿಸಿಬಿಟ್ಟಳು. ಮುಖ ಬಿಳುಚಿಕೊಂಡಿತು. ನಾನು ಬಿಡಲಿಲ್ಲ, ಷಡ್ಜವನ್ನೇ ಮತ್ತೆ ಮತ್ತೆ ಮೀಟಿದೆ. ಮೈಕು ಹಿಡಿದು ನನ್ನ ಬಳಿ ಬಂದಳು. ಆಂಪ್ ಮೇಲೆ ಅಂಗೈ ಊರಿದಳು. ತಲೆ ಓರೆಯಾಯಿತು.

ಕೊನೆಯವರೆಗೂ ಹಾಡಿದಳು. ಒಂದೊಂದೇ ಸಾಲಿಗೆ ಜನ ಸುಮ್ಮನಾಗುತ್ತಾ ಬಂದರು. ಕೊನೆಯ ಚರಣದಲ್ಲಿ ಅವಳು, ನಾನು ಇಬ್ಬರೇ.

ಮಾರ್ಚ್ 11, ಬೆಳಿಗ್ಗೆ

ವ್ಯಾಯಾಮ ಇನ್ನೂ ಮುಗಿದಿಲ್ಲ, ಆಗಲೇ ಅಕ್ಕ ಕೆಳಗೆ ಬಂದಾಗಿದೆ. ಹೊಸ ಹಾಡು ಕಲಿಯಬೇಕು ಅಂತ ನಿನ್ನೆಯೇ ಹೇಳಿದ್ದಳು. ಮೆಟ್ಟಿಲು ಹತ್ತುತ್ತಲೇ ಜೋರಾಗಿ ಹಾಡಿಕೊಳ್ಳುತ್ತಿದ್ದಾಳೆ. ಶ್ರುತಿ ಅರ್ಧ ಸ್ವರ ಮೇಲಕ್ಕೆ ಹೋಗಿದೆ. ಅವಳಿಗೆ ಅದರ ಪರಿವೆಯೇ ಇಲ್ಲ. ಹೇಳಬೇಕೆ?... ಬೇಡ. ಅವಳು ಬಾಗಿಲು ತಟ್ಟುವಷ್ಟರಲ್ಲಿ ನನ್ನ ತಂತಿಗಳನ್ನೇ ಒಂದಿಷ್ಟು ಮೇಲಕ್ಕೆ —