ಮುತ್ತಜ್ಜಿಯ ಮುಖದ ಕುರ್ಚಿ

ಅಪ್ಪಾ,

ನೀನಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಇವತ್ತು ಆಕ್ಲೆಂಡಿನಲ್ಲಿ ನಾನು ಮಾಡಿದ ಕುರ್ಚಿಗಳ ಪ್ರದರ್ಶನ ಶುರುವಾಯಿತು. ನೀನು ಎತ್ತಿಟ್ಟಿದ್ದ ತೋತರ ಮರದಲ್ಲಿ ಒಂದು ಕುರ್ಚಿ ಮಾಡಿ, ನೋಡಿದವರು ಬೆರಗಾಗಲೆಂದು ಅದರ ಆಸನದ ಮೇಲೆಯೇ ಮುತ್ತಜ್ಜಿಯ ಮುಖ ಕೆತ್ತಿದ್ದೆ.

ನಿನ್ನ ತಂಗಿ ಹಿನೆರಂಗಿ ಊರಿಂದ ಬಸ್ಸಿನಲ್ಲಿ ಬಂದಿದ್ದಳು. ನೋಯುವ ಮಂಡಿ ಹಿಡಿದು ನಿಂತವಳಿಗೆ ಆ ಕುರ್ಚಿಯನ್ನೇ ತೋರಿಸಿ, "ಕೂತ್ಕೊ ಅತ್ತೆ," ಎಂದೆ.

ಅವಳು ಕುರ್ಚಿಯನ್ನು ನೋಡಿ, ನಮ್ಮ ಮಾವೊರಿ ಮಾತಿನಲ್ಲಿ, "ನಮ್ಮಜ್ಜಿ ಮುಖದ ಮೇಲೆ ಕುಂಡಿ ಊರ್ಲೇನೋ?" ಎಂದಳು. ಗೋಡೆ ಹಿಡಿದು ಮೆಲ್ಲಗೆ ನೆಲದ ಮೇಲೆ ಕೂತಳು.

ಪ್ರದರ್ಶನ ನಡೆಸುವಾಕೆ ಇಂಗ್ಲಿಷಿನಲ್ಲಿ, "ಏನಂದ್ರು ಅವ್ರು?" ಎಂದು ಕೇಳಿದಳು.

"ಕುರ್ಚಿ ತುಂಬಾ ಹಿಡಿಸ್ತಂತೆ," ಎಂದುಬಿಟ್ಟೆ.

ಅತ್ತೆಗೆ ಇಂಗ್ಲಿಷ್ ಬರುತ್ತದಲ್ಲ ಅಪ್ಪಾ. ತಲೆಯೆತ್ತಿ ನನ್ನನ್ನೇ ನೋಡಿದಳು. ಆಮೇಲೆ ನನ್ನ ಮಾನ ಉಳಿಸಲು, ಹೌದೆಂದು ಆಕೆಯತ್ತ ತಲೆಯಾಡಿಸಿದಳು.